ಸಕ್ಕರೆಗೆ ಹೆದರಿ ಕಟ್ಟಿದ ಮುಚ್ಚಳ

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ನಡೆದದ್ದು. ಬನಹಟ್ಟಿಯ ನನ್ನ ಗ್ಯಾರೇಜಿಗೆ ಆಗ ನಲವತ್ತೊಂದು ವರ್ಷ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಮೊಮ್ಮಗಳು ಸವಿತಾ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಸ್ಕ್ಯಾನರ್ ಹಿಡಿದು ಗ್ಯಾರೇಜಿಗೆ ಬಂದು ಎರಡು ತಿಂಗಳಾಗಿತ್ತು. ಅವಳ ಬಗ್ಗೆ ಬರೆಯಲು ಕುಳಿತರೆ ನನ್ನ ಪೆನ್ನು ನಿಲ್ಲುವುದೇ ಇಲ್ಲ. ಆದರೂ ಒಂದೇ ಗಾಡಿಯ ಮಾತು ಹೇಳುತ್ತೇನೆ.

ರನ್ನ ಬೆಳಗಲಿಯ ಸಿದ್ದಪ್ಪನ ಹಳೆಯ ಡೀಸೆಲ್ ವ್ಯಾನು. ದಿನಾ ಹನ್ನೆರಡು ಹೆಣ್ಣುಮಕ್ಕಳನ್ನು ಬನಹಟ್ಟಿಯ ಮಗ್ಗಗಳಿಗೆ ಕರೆತರುವುದೇ ಅವನ ಉದ್ಯೋಗ. ಹತ್ತು ಹನ್ನೆರಡು ಕಿಲೋಮೀಟರ್ ಓಡಿದರೆ ಇಂಜಿನ್ ದೀಪ ಹತ್ತಿ ವ್ಯಾನು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ.

"ಇನ್ನೊಮ್ಮೆ ನಿಂತರ ಸೋಮವಾರದಿಂದ ಬ್ಯಾರೆ ಗಾಡಿಗೆ ಹೊಕ್ಕೇವಿ ಅಂದಾರ್ರಿ," ಎಂದು ಸಿದ್ದಪ್ಪ ಮುಖ ಸಣ್ಣ ಮಾಡಿದ. ಅಂದು ಶನಿವಾರ.

ಸವಿತಾ ಸ್ಕ್ಯಾನರ್ ಜೋಡಿಸಿದಳು. ಕೋಡ್ ಪಿ 0087. ಅಂದರೆ ಇಂಜಿನ್‌ಗೆ ಹೋಗುವ ಡೀಸೆಲ್ ಪ್ರೆಶರ್ ಕಡಿಮೆ. ಫಿಲ್ಟರ್ ಹೊಸದೇ ಇತ್ತು.

"ಪಂಪ್ ಹೋಗೇತಿ, ಬಿಚ್ಚು," ಎಂದೆ.

"ಪ್ರೆಶರ್ ಕಡಿಮಿ ಅಂತ ಕೋಡ್ ಹೇಳತೈತಿ. ಪಂಪ್ ಹೋಗೇತಿ ಅಂತ ನೀನ ಹೇಳಾಕತ್ತಿ ಅಜ್ಜಾ. ಮೊದಲ ಓಡಿಸಿ ನೋಡೂಣು."

ಮೂವರೂ ಹೊರಟೆವು. ಮಹಾಲಿಂಗಪುರ ದಾಟಿದ ಮೇಲೆ ವ್ಯಾನು ಕೆಮ್ಮಿ ನಿಂತಿತು. ನಾನು ಬಾನೆಟ್ ಎತ್ತಿದೆ. ಅವಳು ಹೋಗಿ ಡೀಸೆಲ್ ಟ್ಯಾಂಕಿನ ಹತ್ತಿರ ಕುಳಿತಳು.

"ಇಂಜಿನ್ ಇಲ್ಲೈತಿ ಬೇ! ಡಿಪ್ಲೊಮಾದಾಗ ಅದನ್ನೂ ಹೇಳಿಲ್ಲೇನು?"

"ಸುಮ್ನ ಕೇಳು ಅಜ್ಜಾ."

ಟ್ಯಾಂಕಿನ ಮುಚ್ಚಳಕ್ಕೆ ಸುತ್ತಿದ್ದ ಸೈಕಲ್ ಟ್ಯೂಬ್ ಬಿಚ್ಚಿದಳು. ಸುಸ್ಸೆಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಕೀ ತಿರುವಿದರೆ ವ್ಯಾನು ಚಾಲೂ! ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ಆ ರಬ್ಬರ್ ಅದನ್ನು ಮುಚ್ಚಿತ್ತು. ಡೀಸೆಲ್ ಖರ್ಚಾದಷ್ಟು ಗಾಳಿ ಒಳಗೆ ಬರದಿದ್ದರೆ ಪಂಪು ಪಾಪ ಎಷ್ಟು ಎಳೆದೀತು?

"ಇದನ್ಯಾಕ ಕಟ್ಟೀರಿ ಕಾಕಾ?"

ಸಿದ್ದಪ್ಪ ತಲೆ ಕೆರೆದುಕೊಂಡ. "ಇಲೆಕ್ಷನ್ಯಾಗ ಬಾಜೂ ಮನಿಯವನ ಜೋಡಿ ಜಗಳಾ ಆತ್ರಿ. ಟ್ಯಾಂಕಿನ್ಯಾಗ ಸಕ್ಕರಿ ಹಾಕಿ ಇಂಜಿನ್ ಕೆಡಸ್ಯಾನಂತ ಹೆದರಿ ಬಿಗಿದೆ."

"ಕಬ್ಬಿನ ಸೀಮ್ಯಾಗ ಹುಟ್ಟಿ ಸಕ್ಕರಿಗೆ ಹೆದರಿದ್ರಿ? ಬೀಗದ ಮುಚ್ಚಳ ಹಾಕಸೂಣು ಬಿಡ್ರಿ."

ಸೋಮವಾರ ಬೆಳಿಗ್ಗೆ ವ್ಯಾನು ಗ್ಯಾರೇಜಿನ ಮುಂದೆ ಹಾರ್ನ್ ಹೊಡೆಯುತ್ತ ಹಾದುಹೋಯಿತು. ಒಳಗಿದ್ದವರನ್ನು ಎಣಿಸಿದೆ, ಹನ್ನೆರಡೂ ಮಂದಿ. ಎದೆಯೊಳಗೆ ಹಿಗ್ಗು ಹಿಡಿಸಲಿಲ್ಲ.

ಗಾಡಿ ಬಿಚ್ಚುವ ಮೊದಲು, ಗಾಡಿಯವನು ಅದಕ್ಕೆ ತಾನೇ ಏನು ಮಾಡಿದ್ದಾನೆ ಎಂದು ನೋಡಬೇಕು. ನಲವತ್ತೊಂದು ವರ್ಷ ನಾನು ನೋಡಿರಲಿಲ್ಲ. ನನ್ನ ಮೊಮ್ಮಗಳು ನೋಡಿದಳು.