ಬಿಚ್ಚದೆ ಉಳಿದ ಗೇರ್‌ಬಾಕ್ಸ್

ಎಪ್ಪತ್ತರ ದಶಕದಲ್ಲಿ ಸಂಶಿ ಊರಿನ ನಮ್ಮ ಮನೆಗೆ ಹೊಸ ಲಾರಿ ಬಂತು. ಕೊಂಡವಳು ನಮ್ಮ ದೊಡ್ಡವ್ವ. ದೊಡ್ಡಪ್ಪ ತೀರಿಕೊಂಡ ಮೇಲೆ ಹೊಲಮನೆ, ಮೆಣಸಿನಕಾಯಿ ವ್ಯಾಪಾರ ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಲಾರಿ ಓಡಿಸುವ ಕೆಲಸ ನನ್ನದು. ಲೈಸೆನ್ಸ್ ಸಿಕ್ಕು ಬಹಳ ದಿನವಾಗಿರಲಿಲ್ಲ. ಲಾರಿಯಷ್ಟೇ ನಾನೂ ಹೊಸಬ.

ತಿಂಗಳು ತುಂಬುವ ಮೊದಲೇ ಗಾಡಿಯ ಕೆಳಗಿನಿಂದ ಒಂದು ಸದ್ದು ಶುರುವಾಯಿತು. ಯಾರೋ ಬಾಗಿಲು ಬಡಿದಂತೆ ದಡ್, ದಡ್. ಅದೂ ಎಂಥ ಹೊತ್ತಿನಲ್ಲಿ! ನಮ್ಮ ಓಣಿಯವರ ಮದುವೆ ದಿಬ್ಬಣವನ್ನು ದೇವಿಕೊಪ್ಪಕ್ಕೆ ಒಯ್ಯುತ್ತೇವೆಂದು ದೊಡ್ಡವ್ವ ಮಾತು ಕೊಟ್ಟಾಗಿತ್ತು. ದಿಬ್ಬಣದ ಹಿಂದಿನ ದಿನ ಬೆಳಿಗ್ಗೆಯೇ ಲಾರಿಯನ್ನು ಹುಬ್ಬಳ್ಳಿಗೆ, ಅದನ್ನು ಮಾರಿದವರ ವರ್ಕ್‌ಶಾಪಿಗೆ ಹೊಡೆದೆ. ದೊಡ್ಡವ್ವ ಬುತ್ತಿ ಕಟ್ಟಿಕೊಂಡು ನನ್ನ ಬಾಜು ಕೂತಳು.

ಅಲ್ಲಿಯ ಸೂಪರ್‌ವೈಸರ್ ಇಸ್ತ್ರಿ ಅಂಗಿಯ ಮನುಷ್ಯ. ನನ್ನ ಮಾತು ಕೇಳಿದ, ಇಂಜಿನ್ ಚಾಲೂ ಮಾಡಿಸಿದ, ಒಂದು ಗಳಿಗೆ ಕಿವಿಗೊಟ್ಟ.

“ಗೇರಬಾಕ್ಸ್ ಹೋಗೇತಿ. ಬಿಚ್ಚಬೇಕು. ಒಂದ್ ವಾರ ಗಾಡಿ ಬಿಟ್ಟು ಹೋಗ್ರಿ.”

“ನಾಳೇನ ದಿಬ್ಬಣ ಐತ್ರಿ!” ಎಂದು ನಾನು ಅಂಗಲಾಚಿದೆ. ದೊಡ್ಡವ್ವ ಮಾತ್ರ ಸೆರಗು ಸರಿಮಾಡಿಕೊಂಡು ಅವನ ಎದುರಿಗೆ ಬಂದು ನಿಂತಳು.

“ಸಾಹೇಬ್ರ, ಈಗ ಆ ಸಪ್ಪಳ ನಿಮಗ ಕೇಳಸಾಕತ್ತೇತೇನ್ರಿ?”

“ನಿಂತಾಗ ಬರೂದಿಲ್ರಿ ಅವ್ವಾರ. ಆದ್ರ ಇಂಥಾವ ನಾವು ದಿನಾ ನೋಡ್ತೀವ್ರಿ.”

“ಕೇಳಲಾರದ ಸಪ್ಪಳಕ್ಕ ಔಷಧ ಹೆಂಗ ಕೊಡ್ತೀರಿ? ಮದ್ಲ ಕೇಳ್ರಿ, ಆಮ್ಯಾಲ ಬಿಚ್ಚೀರಂತ. ಬರ್ರಿ, ಒಂದ್ ಸುತ್ತ ಹೋಗೂಣು.”

“ನನಗ ಬಾಳ ಕೆಲಸ ಐತ್ರಿ.”

“ಇದೂ ನಿಮ್ಮ ಕೆಲಸನ ಅಲ್ಲೇನ್ರಿ?” ಎನ್ನುತ್ತ ಅವಳು ಬಾಗಿಲು ತೆಗೆದೇಬಿಟ್ಟಳು. ಅವನು ನಗಲೋ ಬೇಡವೋ ಎಂಬ ಮುಖ ಮಾಡಿಕೊಂಡು ಹತ್ತಿ, ನಮ್ಮಿಬ್ಬರ ನಡುವೆ ಕೂತ.

ಕುಂದಗೋಳ ರಸ್ತೆಯ ಡಾಂಬರಿನ ಮೇಲೆ ಸದ್ದೇ ಇಲ್ಲ! ಸೂಪರ್‌ವೈಸರ್ ನನ್ನತ್ತ ಓರೆಗಣ್ಣಿನಲ್ಲಿ ನೋಡಿದ. ಹೊಲದ ಕಡೆಯ ಕಚ್ಚಾ ರಸ್ತೆಗೆ ತಿರುಗಿಸಿದೆ. ಮೊದಲನೇ ಗುಂಡಿಗೇ ದಡ್!

“ಕೇಳಿದ್ರ್ಯಾ? ಗೇರಬಾಕ್ಸ್!” ಎಂದ ಅವನು, ಗೆದ್ದವನಂತೆ.

ಅಷ್ಟರಲ್ಲಿ ನನಗೂ ಧೈರ್ಯ ಬಂದಿತ್ತು. “ಗೇರಬಾಕ್ಸಿಂದಾದ್ರ ಡಾಂಬರ್ ಮ್ಯಾಲೂ ಬರಬೇಕಲ್ರಿ. ಗುಂಡಿ ಬಂದಾಗಷ್ಟ ಯಾಕ ಬರ್ತೇತಿ?”

ಅವನು ಗಲ್ಲ ಕೆರೆದುಕೊಂಡ. ಮುಂದೆ ಸಣ್ಣ ಇಳಿಜಾರು ಬಂದಾಗ, “ಗೇರ್ ತಗದು ಇಂಜಿನ್ ಬಂದ್ ಮಾಡ್ರಿ” ಎಂದ. ಮಾಡಿದೆ. ಲಾರಿ ತನ್ನಷ್ಟಕ್ಕೆ ಉರುಳತೊಡಗಿತು. ಗುಂಡಿ ಬಂದಾಗ ಮೊದಲಿಗಿಂತ ಜೋರಾಗಿ ದಡ್, ದಡ್.

“ನಿಲ್ಲಸ್ರಿ!” ಎಂದವನೇ ಇಳಿದು, ಇಸ್ತ್ರಿ ಅಂಗಿಯ ಪರಿವೆಯಿಲ್ಲದೆ ಗಾಡಿಯ ಕೆಳಗೆ ನುಸುಳಿದ. ಕಾಲಷ್ಟೇ ಹೊರಗೆ ಕಾಣುತ್ತಿದ್ದವು.

ದೊಡ್ಡವ್ವ ಬಗ್ಗಿ ಕೇಳಿದಳು: “ಸಿಕ್ತೇನ್ರಿ ಗೇರಬಾಕ್ಸ್?”

ಕೆಳಗಿನಿಂದ ಮೊದಲು ನಗು ಬಂತು, ಆಮೇಲೆ ಮಾತು. “ಸಿಕ್ತ್ರಿ ಅವ್ವಾರ. ಆದ್ರ ಇದಕ್ಕ ಟೈರ್ ಐತ್ರಿ!”

ಕೆಳಗೆ ತೂಗುಹಾಕಿದ್ದ ಸ್ಟೆಪ್ನಿಯ ನಟ್ಟು ಸಡಿಲಾಗಿ, ಆ ಹೆಚ್ಚಿನ ಗಾಲಿ ಗುಂಡಿ ಬಂದಾಗಲೆಲ್ಲ ಚಾಸಿಯ ಚೌಕಟ್ಟಿಗೆ ಬಡಿಯುತ್ತಿತ್ತು, ಅಷ್ಟೇ. ಅವನೇ ನಮ್ಮ ಪಾನಾ ಇಸಿದುಕೊಂಡು ನಟ್ಟು ಬಿಗಿ ಮಾಡಿದ. ಹೊರಬಂದಾಗ ಬೆನ್ನಿಗೆಲ್ಲ ಎರೆಮಣ್ಣು.

“ನಾ ಅವಸರ ಮಾಡಿದ್ನ್ರಿ” ಎಂದ, ಮಣ್ಣು ಕೊಡವಿಕೊಳ್ಳುತ್ತ.

“ಇರ್ಲಿ ಬಿಡ್ರಿ, ಕಡೀಕ ನೀವ ಹುಡುಕಿದ್ರಲ್ಲಾ” ಎಂದು ದೊಡ್ಡವ್ವ ಬದುವಿನ ಮೇಲೆ ಬುತ್ತಿ ಬಿಚ್ಚಿದಳು. ಬೇಡ ಬೇಡವೆನ್ನುತ್ತಲೇ ಅವನು ಶೇಂಗಾ ಚಟ್ನಿಯನ್ನು ಮತ್ತೆ ಹಾಕಿಸಿಕೊಂಡ. ಊಟ ಮುಗಿಯುವಷ್ಟರಲ್ಲಿ ತನ್ನ ಮನೆಯ ಸುದ್ದಿಯನ್ನೆಲ್ಲ ಅವಳಿಗೆ ಹೇಳಿಯಾಗಿತ್ತು.

ಮರುದಿನ ದಿಬ್ಬಣ ತುಂಬಿಕೊಂಡು ಹೊರಟೆವು. ಗುಂಡಿ ಕಂಡಲ್ಲೆಲ್ಲ ನಾನು ಕಿವಿ ನಿಮಿರಿಸುತ್ತಿದ್ದೆ. ಕೇಳಿದ್ದು ಹಿಂದೆ ಕೂತ ಹೆಣ್ಣುಮಕ್ಕಳ ಹಾಡು ಮಾತ್ರ. ಕಲಘಟಗಿ ದಾಟುವ ಹೊತ್ತಿಗೆ ಹಾಡೆಲ್ಲ ಬಾಯಿಪಾಠವಾಗಿ, ಸ್ಟೀರಿಂಗ್ ಹಿಡಿದುಕೊಂಡೇ ನಾನೂ ದನಿಗೂಡಿಸಿದೆ.