ಮುಂಚಿನಂಗ

ಮುಂಬಯಿಗೆ ಬಂದು ತಿಂಗಳುಗಳಾದರೂ ನಾನು ತಲೆಕೂದಲು ತೆಗೆಸಿರಲಿಲ್ಲ. ಊರಲ್ಲಿ ನಮ್ಮ ಮನೆಗೇ ಬರುತ್ತಿದ್ದ ಕ್ಷೌರಿಕನಿಗೆ ಏನೂ ಹೇಳಬೇಕಿರಲಿಲ್ಲ. ನನ್ನ ತಲೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಲ್ಲಿ ಯಾವನೋ ಏನೋ ಕೇಳುತ್ತಾನೆ, ನನಗೆ ಹಿಂದಿ ಬರುವುದಿಲ್ಲ ಎಂದು ಮುಂದೂಡುತ್ತಲೇ ಇದ್ದೆ. ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು, ಕಿವಿ ಮುಚ್ಚುವ ಕೂದಲು ಫ್ಯಾಷನ್ನೂ ಆಗಿತ್ತೆನ್ನಿ. ಗ್ರಾಂಟ್ ರೋಡಿನಲ್ಲಿ ನಾನು ಕೆಲಸಕ್ಕಿದ್ದ ಬಟ್ಟೆ ಅಂಗಡಿಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಆದರೆ ಅಪ್ಪ ಬರುವವನಿದ್ದ. ಹೊಟ್ಟೆನೋವು ಊರ ಕಡೆಯ ಯಾವ ಡಾಕ್ಟರರಿಗೂ ಬಗ್ಗದೆ, ಮುಂಬಯಿಯ ದೊಡ್ಡ ಆಸ್ಪತ್ರೆಗೆ ತೋರಿಸೋಣವೆಂದು ಅವ್ವ ಅವನನ್ನು ಕರೆದುಕೊಂಡು ಹೊರಟಿದ್ದಳು. ಮಗ ಇಲ್ಲಿ ಹೇಳೋರು ಕೇಳೋರು ಇಲ್ಲದವನ ಹಾಗಿದ್ದಾನೆ ಎಂದು ಅಪ್ಪನಿಗೆ ಅನ್ನಿಸಬಾರದು. ಅವರು ಬರುವ ದಿನ ಬೆಳಿಗ್ಗೆ ನಾನು ಕೋಣೆ ಹಿಡಿದಿದ್ದ ಚಾಳಿನ ಹತ್ತಿರ, ಮಲಾಡ್ ಸ್ಟೇಷನ್ ಪಕ್ಕದ ಸಲೂನಿಗೆ ಹೋಗಿ ಕುಳಿತೆ.

ಸಲೂನಿನವನು ಉತ್ತರದ ಕಡೆಯ ಭೈಯಾ, ವಯಸ್ಸಾದವನು. ತಲೆ ಮುಗಿಸಿ, ಮುಖಕ್ಕೆ ಸೋಪಿನ ನೊರೆ ಹಚ್ಚಿ, ಕತ್ತಿ ಹಿಡಿದು ಕೇಳಿದ.

"ಮೂಂಛ್?"

ನನಗೆ ಕೇಳಿಸಿದ್ದು "ಮುಂಚೆ". ಇವನಿಗೆ ಕನ್ನಡ ಬರುತ್ತದೆ, ಮುಂಚೆ ಹೇಗಿತ್ತೋ ಹಾಗೇ ಬಿಡಲೇ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. ಈ ಊರಿಗೆ ಬಂದಮೇಲೆ ಅಷ್ಟು ಖುಷಿ ನನಗೆ ಆಗಿರಲಿಲ್ಲ. "ಹ್ಞಾಂ ಹ್ಞಾಂ, ಮುಂಚಿನಂಗ ಇರ್ಲಿ" ಎಂದು ಕಣ್ಣು ಮುಚ್ಚಿದೆ. ಮೂಗಿನ ಕೆಳಗೆ ಕತ್ತಿ ಓಡಿದಾಗಲೂ ಅಂಚು ಸರಿಮಾಡುತ್ತಿದ್ದಾನೆ ಎಂದೇ ತಿಳಿದೆ.

ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಮೀಸೆ ಇರಲಿಲ್ಲ. ಹಿಂದಿಯಲ್ಲಿ ಮೂಂಛ್ ಅಂದರೆ ಮೀಸೆ ಎಂದು ನಾನು ಕಲಿತದ್ದು ಹೀಗೆ.

ನಮ್ಮಲ್ಲಿ ಗಂಡಸು ಮೀಸೆ ಬೋಳಿಸುವುದು ಹೆತ್ತವರು ಹೋದಾಗ ಮಾತ್ರ. ಅಪ್ಪ ಇರುವಾಗ ಬೋಳಿಸಿದರೆ ಅವನ ಸಾವನ್ನು ಬಾ ಎಂದು ಕರೆದಂತೆ. ಆ ಮುದುಕನ ಮೇಲೆ ರೇಗಿದೆ, ಅದೂ ಕನ್ನಡದಲ್ಲಿ. ಪಾಪ, ಅವನು ಏನೂ ತಿಳಿಯದೆ ಟವೆಲ್ ಹಿಡಿದುಕೊಂಡು ನಿಂತಿದ್ದ. ರೇಗಿ ಏನು ಬಂತು? ನೆಲಕ್ಕೆ ಬಿದ್ದದ್ದನ್ನು ಮತ್ತೆ ಅಂಟಿಸಲು ಬರುತ್ತಿರಲಿಲ್ಲ.

ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಿಂತೆ. ಮೊದಲು ಇಳಿದವಳು ಅವ್ವ. ಅವಳ ಕಾಲು ಮುಟ್ಟಿ ಏಳುವಾಗ ಕರವಸ್ತ್ರ ಸರಿಯಿತು. ನನ್ನ ಮುಖ ನೋಡಿದವಳೇ ಗಾಬರಿಯಿಂದ ತಿರುಗಿ ಹಿಂದಿದ್ದ ಅಪ್ಪನನ್ನು ನೋಡಿದಳು. ಅವನು ಬಾಗಿಲ ಸರಳು ಹಿಡಿದು ನಿಧಾನವಾಗಿ ಇಳಿಯುತ್ತಿದ್ದ.

ನಡೆದದ್ದನ್ನು ಹೇಳಿದೆ. ಅವ್ವ ಅಲ್ಲೇ ಅಳತೊಡಗಿದಳು. ಅಪ್ಪ ನಕ್ಕ.

"ನಾ ಇನ್ನೂ ಅದೀನಲ್ಲೋ, ಇಷ್ಟ್ಯಾಕ ಗಡಿಬಿಡಿ ಮಾಡಿದಿ?" ಅಂದ. ಆಮೇಲೆ ಅವ್ವನ ಕಡೆ ತಿರುಗಿ, "ಅಳಬ್ಯಾಡ. ಇವನ ಮೀಸಿ ಬರೂತನಾ ನಾ ಎಲ್ಲೂ ಹೋಗಂಗಿಲ್ಲ" ಅಂದ.

ಅವನನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಸಂಜೆ ಅಂಗಡಿಯಿಂದ ಹೋದರೆ ಅವನ ಮೊದಲ ಕೆಲಸ ನನ್ನನ್ನು ಬಗ್ಗಿಸಿ ತುಟಿಯ ಮೇಲೆ ಬೆರಳಾಡಿಸುವುದು. "ಬರಾಕತ್ತೈತಿ" ಎಂದು ಅವ್ವನಿಗೆ ವರದಿ ಕೊಡುತ್ತಿದ್ದ. ಅಷ್ಟರಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೊಟ್ಟೆಯೊಳಗಿನ ಗಡ್ಡೆ ಎಲ್ಲ ಕಡೆ ಹಬ್ಬಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಅಂದಿದ್ದರು. ಅಪ್ಪನ ಕೈ ಸೊರಗುತ್ತಾ ಹೋಯಿತು, ನನ್ನ ಮೀಸೆ ದಟ್ಟವಾಗುತ್ತಾ ಬಂತು. ಚಾಳಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಹೆದರಿಕೆಯಾಗುತ್ತಿತ್ತು. ಬೆಳೆಯಬೇಡ ಎಂದು ಮೀಸೆಗೆ ಹೇಳುತ್ತಿದ್ದೆ, ನಗಬೇಡಿ. ಇನ್ನೊಮ್ಮೆ ಬೋಳಿಸಿದರೆ ಅಪ್ಪನ ಮಾತು ಇನ್ನಷ್ಟು ದಿನ ನಡೆದೀತೇ ಎಂದೂ ಯೋಚಿಸಿದೆ. ಧೈರ್ಯ ಬರಲಿಲ್ಲ.

ಒಂದು ಸಂಜೆ ಅಪ್ಪ ಬೆರಳಾಡಿಸಿ, "ಈಗ ನೋಡು, ಮುಂಚಿನಂಗ ಆತು" ಅಂದ. ಒಂದು ಕೆಲಸ ಮುಗಿಸಿದವನ ಸಮಾಧಾನ ಆ ದನಿಯಲ್ಲಿತ್ತು. ನಾನು ವರಾಂಡಕ್ಕೆ ಹೋಗಿ ಅತ್ತೆ. ಅದೇ ವಾರ ಅವನು ಹೋಗಿಬಿಟ್ಟ.

ಊರಿಗೆ ಒಯ್ಯಲು ಆಗಲಿಲ್ಲ. ಸ್ಮಶಾನದಲ್ಲಿ ನನ್ನ ತಲೆ ಬೋಳಿಸಲು ಚಾಳಿನವರು ಒಬ್ಬನನ್ನು ಕರೆತಂದರು. ನೋಡಿದರೆ ಅದೇ ಭೈಯಾ. ಅವನೂ ನನ್ನ ಗುರುತು ಹಿಡಿದ. ತಲೆ ಮುಗಿಸಿದ. ಆಮೇಲೆ ಕತ್ತಿಯನ್ನು ನನ್ನ ಮುಖದ ಹತ್ತಿರ ತಂದವನು ತಡೆದು, ಅಪ್ಪನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದ.

"ಮೂಂಛ್?"

ಈ ಸಲ ನನಗೆ ಸರಿಯಾಗಿ ಅರ್ಥವಾಯಿತು. ಹ್ಞಾಂ ಅಂದೆ.