ಖಾಲಾ ಕಂಡ ತಾಯಿಯ ಊರು

ಹೋದ ಭಾನುವಾರ ಹೈದರಾಬಾದಿನ ಮಣಿಕೊಂಡದ ಅಂಗಡಿಯೊಂದರಲ್ಲಿ, ಉಪ್ಪುನೀರಿನಲ್ಲಿ ಹಾಕಿಟ್ಟ ದ್ರಾಕ್ಷಿ ಎಲೆಗಳ ಗಾಜಿನ ಬಾಟಲಿ ಕಣ್ಣಿಗೆ ಬಿತ್ತು. ಮನೆಗೆ ತಂದು ಮುಚ್ಚಳ ತಿರುಗಿಸಿದೆ. ಹುಳಿಹುಳಿಯಾದ ಆ ವಾಸನೆ ಮೂಗಿಗೆ ತಾಕಿದ್ದೇ ತಡ, ಹಿಮಾಯತ್‌ನಗರದ ಹಳೆಯ ಮನೆಯ ಅಂಗಳ, ದ್ರಾಕ್ಷಿ ಚಪ್ಪರ, ಅದರ ಕೆಳಗೆ ಕೂತ ಖಾಲಾ...

ನಾನು ಆಗ ಮೈಸೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆಂದು ಹೈದರಾಬಾದಿಗೆ ಬಂದ ಹೊಸತು. ಊರಿನ ಪಶ್ಚಿಮಕ್ಕೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ನನಗೆ ಬಾಡಿಗೆಗೆ ಸಿಕ್ಕಿದ್ದು ಹಿಮಾಯತ್‌ನಗರದ ಒಂದು ಮಹಡಿ ಕೋಣೆ. ಕೆಳಗೆ ಒಬ್ಬರೇ ಇರುತ್ತಿದ್ದ ಮನೆಯ ಒಡತಿಯನ್ನು ಬೀದಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ ಎನ್ನುತ್ತಿದ್ದರು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು, "ಕನ್ನಡ ಏನವ್ವಾ ನಿಂದು?" ಎಂದು ಅವರು ಕೇಳಿದಾಗ ಬೆರಗಾದೆ. ಅವರ ಗಂಡ ಬೀದರಿನಲ್ಲಿ ಮೇಷ್ಟರಾಗಿದ್ದರಂತೆ. ಗಂಡ ತೀರಿಕೊಂಡ ಮೇಲೆ ಖಾಲಾ ತಂದೆಯ ಮನೆಗೆ ಮರಳಿದ್ದರು.

ಅವರ ತಾಯಿಯ ಕಥೆ ಇನ್ನೂ ದೂರದ್ದು. ದೇಶ ಬಿಡಬೇಕಾಗಿ ಬಂದ ತುರ್ಕಿ ರಾಜಮನೆತನದ ರಾಜಕುಮಾರಿಯರು ನಿಜಾಮರ ಮನೆಗೆ ಸೊಸೆಯರಾಗಿ ಬಂದಾಗ, ಅವರ ಪರಿವಾರದ ಜೊತೆ ಬಂದ ಹುಡುಗಿ ಆಕೆ. ಇಸ್ತಾಂಬುಲಿನ ಕಡಲ ದಂಡೆಯ ಉಸ್ಕುದಾರ್ ಎಂಬಲ್ಲಿ ಹುಟ್ಟಿದವಳು. ಇಲ್ಲೇ ಅರಮನೆಯ ಮೋಟಾರು ಚಾಲಕನನ್ನು ಮದುವೆಯಾಗಿ, ಇಲ್ಲೇ ಮಣ್ಣಾದಳು. ಮಗಳಿಗೆ ತನ್ನ ಭಾಷೆ ಕಲಿಸಲಿಲ್ಲ. ಕಲಿಸಿದ್ದು ಒಂದು ಅಡುಗೆ ಮಾತ್ರ: ಎಳೆಯ ದ್ರಾಕ್ಷಿ ಎಲೆಯೊಳಗೆ ಅಕ್ಕಿ, ಈರುಳ್ಳಿ, ಪುದೀನ, ಒಣದ್ರಾಕ್ಷಿ ಇಟ್ಟು ಬೆರಳುದ್ದ ಸುತ್ತಿ ಬೇಯಿಸುವ ಸರ್ಮಾ. ಅವಳ ದೇಶದ ಪೈನ್ ಬೀಜ ಇಲ್ಲಿ ಸಿಗದೆ ಅದರ ಜಾಗಕ್ಕೆ ಚಾರೋಳಿ ಬಂದಿತ್ತು. ಖಾಲಾ ತಾವೇ ಒಂದೆರಡು ಹಸಿಮೆಣಸಿನಕಾಯಿಯನ್ನೂ ಸೇರಿಸಿಬಿಟ್ಟಿದ್ದರು.

ನನ್ನನ್ನು ಕಂಪನಿ ಒಂದು ಪ್ರಾಜೆಕ್ಟಿಗಾಗಿ ಇಸ್ತಾಂಬುಲಿಗೆ ಕಳಿಸುತ್ತದೆ ಎಂದು ನಾನು ತಿಳಿಸಿದಾಗ ಖಾಲಾ ಎಲೆ ಸುತ್ತುತ್ತಿದ್ದರು. ಕೈ ನಿಂತಿತು.

"ಒಂದು ಮಾತಿನ ಅರ್ಥ ಕೇಳಕೊಂಡು ಬರ್ತೀ ಏನು ಬೇಟಾ?" ಎಂದರು. "ಎಲಿನೆ ಸಾಲಿಕ್."

ತಾಯಿ ಹಾಸಿಗೆ ಹಿಡಿದ ಮೇಲೆ ಅಡುಗೆ ಈ ಮಗಳ ಪಾಲಿಗೆ ಬಂದಿತ್ತು. ತಾಯಿ ನಾಲ್ಕು ತುತ್ತು ತಿಂದು, ತಟ್ಟೆ ಸರಿಸಿ, ಕಣ್ಣು ಮುಚ್ಚಿ ಇದೇ ಮಾತು ಹೇಳುತ್ತಿದ್ದಳಂತೆ. ಅರ್ಥ ಕೇಳಿದರೆ ಹೇಳಲಿಲ್ಲ. ನಗುವುದೇ ಅಪರೂಪವಾದ ಹೆಂಗಸು. ನಿನ್ನ ಕೈಯಲ್ಲಿ ರುಚಿಯಿಲ್ಲ ಎನ್ನುತ್ತಿದ್ದಾಳೆ ಎಂದೇ ಮಗಳು ತಿಳಿದಳು.

"ಇಲ್ಲಿ ತುರ್ಕಿ ಮಾತು ಬಲ್ಲವರು ಯಾರೂ ಇರಲಿಲ್ಲವಾ?" ಎಂದೆ.

"ಇದ್ರು. ಅವರೂ ಹೌದು ಅಂದ್ರ ಏನ್ ಮಾಡ್ಲಿ? ಅಂಜಿಕಿ. ಈಗ ವಯಸ್ಸಾಯ್ತು, ಏನಂದಿದ್ರೂ ತಡಕೋತೀನಿ."

ಆದರೆ ಇಸ್ತಾಂಬುಲಿನಲ್ಲಿ ನನಗೇ ಅಂಜಿಕೆಯಾಯಿತು. ಕೆಟ್ಟದ್ದೇ ಆಗಿದ್ದರೆ ಏನೆಂದು ಹೇಳುವುದು? ಕೇಳದೆಯೇ ದಿನ ತಳ್ಳಿದೆ. ಒಂದು ರಜೆಯ ದಿನ ಆಫೀಸಿನ ಗೆಳತಿ ಮನೆಗೆ ಊಟಕ್ಕೆ ಕರೆದಳು. ಬದನೆಕಾಯಿ, ಮೊಸರು, ಬಿಸಿ ಬ್ರೆಡ್ಡು, ಕೊನೆಗೆ ಪುಟ್ಟ ಲೋಟಗಳಲ್ಲಿ ಕೆಂಪು ಚಹಾ. ಊಟ ಮುಗಿಸಿ ಏಳುವಾಗ ಗೆಳತಿ ಅಡುಗೆ ಮಾಡಿದ ತನ್ನ ತಾಯಿಯ ಕಡೆ ತಿರುಗಿ ಏನೋ ಹೇಳಿದಳು. ಅವಳ ತಮ್ಮನೂ ಹೇಳಿದ. ಅದೇ ಮಾತು!

ಅವಳ ತೋಳು ಹಿಡಿದು ಕೇಳಿದೆ. "ಅದಾ? ಅಡುಗೆ ಮಾಡಿದವರಿಗೆ ಹೇಳುತ್ತೇವೆ. ನಿನ್ನ ಕೈ ಚೆನ್ನಾಗಿರಲಿ ಅಂತ," ಎಂದು ನಕ್ಕಳು. ನಾನು ಅಳುವುದನ್ನು ಕಂಡು ಮನೆಯವರೆಲ್ಲ ಗಾಬರಿಯಾದರು.

ಹೈದರಾಬಾದಿಗೆ ಮರಳಿದವಳೇ ಚೀಲವನ್ನೂ ಇಳಿಸದೆ ಖಾಲಾಗೆ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಗಿಯಿತು.

"ನನಗ ತಿಳಿಯೋ ಮಾತಿನ್ಯಾಗ ಯಾಕ ಹೇಳಲಿಲ್ಲ ಅಕಿ?" ಎಂದರು. "ಉರ್ದು ಬರತಿತ್ತಲ್ಲ. ನಾ ಇಷ್ಟು ವರ್ಷ..." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕೆಲವು ದಿನ ಒಲೆಯನ್ನೂ ಸರಿಯಾಗಿ ಹಚ್ಚಲಿಲ್ಲ. ಹೇಳಬಾರದಿತ್ತೇನೋ ಎಂದು ನಾನು ಒದ್ದಾಡಿದೆ.

ಆಮೇಲೊಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದರು. "ಪಾಸ್‌ಪೋರ್ಟ್ ಹ್ಯಾಂಗ ಮಾಡಸ್ತಾರ?" ಎಂದರು.

ಮಂಡಿನೋವು, ಒಂಟಿ ಹೆಂಗಸು ಎಂದು ಅವರ ಅಣ್ಣನ ಮಗ ಎಷ್ಟು ತಡೆದರೂ ಕೇಳಲಿಲ್ಲ. ಹೈದರಾಬಾದಿನ ಪ್ರವಾಸಿಗರ ತಂಡವೊಂದರ ಜೊತೆ ಹೊರಟೇಬಿಟ್ಟರು. ಮರಳಿದಾಗ ಮುಖ ಬಿಸಿಲಿಗೆ ಕಂದಿತ್ತು, ಕಣ್ಣು ಮಾತ್ರ ಹಗುರವಾಗಿತ್ತು. ಉಳಿದವರು ಅರಮನೆ, ಮಸೀದಿ ನೋಡಲು ಹೋದಾಗ ಇವರು ಉಸ್ಕುದಾರಿಗೆ ದೋಣಿ ಹತ್ತಿದ್ದರು. ಅಲ್ಲಿ ಒಂದು ಸಣ್ಣ ಖಾನಾವಳಿಯಲ್ಲಿ ಸರ್ಮಾ ತಿಂದರು.

"ಭಾಳ ಸಪ್ಪಗ ಇತ್ತು," ಎಂದರು. "ಆದ್ರೂ ಆ ಅಡಿಗಿ ಮಾಡೋ ಹೆಣಮಗಳಿಗೆ ಅವ್ವನ ಮಾತು ಹೇಳ್ದೆ. ಅಕಿ ಕೈ ಹಿಡಕೊಂಡು ಏನೇನೋ ಮಾತಾಡಿದಳು. ನನಗ ಒಂದೂ ತಿಳೀಲಿಲ್ಲ. ಆಮ್ಯಾಲ ದಂಡಿ ಮ್ಯಾಲ ಕೂತೆ. ಸುತ್ತ ಅಷ್ಟು ಮಂದಿ, ಒಬ್ಬರ ಮಾತೂ ನನ್ನದಲ್ಲ... ನಮ್ಮವ್ವ ಹೈದರಾಬಾದಿಗೆ ಬಂದಾಗ ಹಿಂಗ ಕೂತಿರಬೇಕು. ಉರ್ದುದಾಗ ಅಕಿ ಬಾಜಾರ ಮಾಡ್ತಿದ್ಲು, ನನ್ನ ಬೈತಿದ್ಲು. ಮನಸಿನ ಮಾತು ಅದರಾಗ ಬರತಿರಲಿಲ್ಲ ಬೇಟಾ."

ತಾಯಿಯ ಮೇಲಿನ ಸಿಟ್ಟನ್ನು ಅವರು ಆ ದಂಡೆಯಲ್ಲೇ ಬಿಟ್ಟು ಬಂದಿದ್ದರು ಎನ್ನಿಸುತ್ತದೆ. ಆ ಮೇಲೆ ಅಮ್ಮನ ಬಗ್ಗೆ ಹೇಳುವಾಗಲೆಲ್ಲ ದನಿ ಮೃದುವಾಗುತ್ತಿತ್ತು.

ಮದುವೆಯಾಗಿ ನಾನು ಪುಣೆಗೆ ಹೋದೆ. ಹಬ್ಬಕ್ಕೆ ಫೋನು ಮಾಡಿದರೆ, "ಯಾವಾಗ ಬರ್ತೀ?" ಎಂದೇ ಶುರುಮಾಡುತ್ತಿದ್ದರು. ಒಂದು ಹಬ್ಬಕ್ಕೆ ಫೋನು ಎತ್ತಿದವನು ಅಣ್ಣನ ಮಗ. ಖಾಲಾ ಹೋಗಿ ಆಗಲೇ ತಿಂಗಳುಗಳಾಗಿದ್ದವು. ಕೆಲಸ ಮತ್ತೆ ನನ್ನನ್ನು ಹೈದರಾಬಾದಿಗೆ ಕರೆತರುವ ಹೊತ್ತಿಗೆ ಆ ಫೋನೂ ನಿಂತಿತ್ತು.

ಮೊನ್ನೆ ಹಿಮಾಯತ್‌ನಗರಕ್ಕೆ ಹೋಗಿದ್ದೆ. ಆ ಮನೆಯಿದ್ದ ಜಾಗದಲ್ಲಿ ಕನ್ನಡಕದ ಅಂಗಡಿ, ಅದರ ಮೇಲೆ ಕೋಚಿಂಗ್ ತರಗತಿ. ಹಳೆಯ ಬೀದಿಯವರು ಯಾರಾದರೂ ಇದ್ದಾರೆಯೇ ಎಂದು ಎರಡು ಮೂರು ಕಡೆ ವಿಚಾರಿಸಿದೆ. ಖಾಲಾ ಎಂದರೆ, ಯಾವ ಖಾಲಾ ಎಂದು ಕೇಳಿದರು. ಅವರನ್ನು ಎಲ್ಲಿ ಮಣ್ಣು ಮಾಡಿದರೆಂದು ಹೇಳಬಲ್ಲವರು ನನಗೆ ಇನ್ನೂ ಸಿಕ್ಕಿಲ್ಲ.